‘ನೀನು ಹಮಾಲಿ ಅಂತೆ’: ಮಕ್ಕಳ ಆಟ, ಮನೆಯ ಕನ್ನಡ ಮತ್ತು ಟ್ಯಾಬ್ಲೆಟ್

ಆತ್ಮೀಯರೇ,

ಮೂರು ವರ್ಷದ ಮಗನಿಗೆ ಕನ್ನಡ ಕಲಿಸುವ ಸಲುವಾಗಿ ಟ್ಯಾಬ್ಲೆಟ್ ಕೊಡಿಸಬಹುದೇ ಎಂದು ನಮ್ಮ ಗುಂಪಿನ ಸಹೋದರಿಯೊಬ್ಬರು ಕಳೆದ ವಾರ ಕೇಳಿದ್ದರು. ಇಂಗ್ಲೆಂಡಿನ ಒಂದು ನರ್ಸರಿಯಲ್ಲಿ ಚಿಕ್ಕ ಮಕ್ಕಳೊಡನೆ ದಿನ ಕಳೆಯುವವಳೂ ನಾಲ್ಕು ವರ್ಷದ ಮಗಳ ತಾಯಿಯೂ ಆದ ನನಗೆ ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕೆನಿಸಿತು.

ನಾನೂ ಕೊಡಿಸಿದ್ದೆ. ಮಗಳಿಗೆ ಮೂರು ತುಂಬಿದಾಗ ಅಡುಗೆಯಾಟದ ಒಂದು ಆ್ಯಪ್ ಹಾಕಿಕೊಟ್ಟೆ. ಬೆರಳೆಳೆದರೆ ಪರದೆಯ ಮೇಲಿನ ದೋಸೆ ಮಗುಚಿಕೊಳ್ಳುತ್ತಿತ್ತು, ಸರಿಯಾಗಿ ಮಗುಚಿದರೆ ಚಪ್ಪಾಳೆಯ ಸದ್ದು ಕೇಳುತ್ತಿತ್ತು. ಅವಳು ಅರ್ಧ ಗಂಟೆ ತುಟಿ ಬಿಚ್ಚದೆ ಕೂರುತ್ತಿದ್ದಳು. ಆ ಮೌನವನ್ನು ನಾನು ಏಕಾಗ್ರತೆಯೆಂದು ತಿಳಿದುಕೊಂಡಿದ್ದೆ.

ಕಳೆದ ಆಗಸ್ಟ್ ರಜೆಯಲ್ಲಿ ತಿಪಟೂರಿನ ತವರಿಗೆ ಹೋದಾಗ ಆ ಎಣಿಕೆ ಬದಲಾಯಿತು. ಅಣ್ಣನ ಮಕ್ಕಳು ಶಾಲೆಯಿಂದ ಬಂದೊಡನೆ ಹಿತ್ತಲಿನಲ್ಲಿ ಕೊಬ್ಬರಿ ಮಂಡಿ ತೆರೆಯುತ್ತಿದ್ದರು. ನಮ್ಮೂರಿನಲ್ಲಿ ತೆಂಗಿನ ಚಿಪ್ಪಿಗೆ ಬರವೆಂಬುದಿಲ್ಲ. ಅದೇ ಚಿಪ್ಪು ಒಮ್ಮೆ ತಕ್ಕಡಿಯ ತಟ್ಟೆಯಾಗುತ್ತಿತ್ತು, ಒಮ್ಮೆ ಟೀ ಲೋಟವಾಗುತ್ತಿತ್ತು, ಮರುಗಳಿಗೆಗೆ ಕಿವಿಗೇರಿ ಫೋನಾಗುತ್ತಿತ್ತು. ರಟ್ಟಿನ ಚೂರಿನ ಮೇಲೆ ಕಪ್ಪು ಚೌಕಗಳನ್ನು ಗೀಚಿ ಕ್ಯೂಆರ್ ಕೋಡ್ ಮಾಡಿ ತೆಂಗಿನ ಮರಕ್ಕೆ ಒರಗಿಸಿದ್ದರು. ಅದರೆದುರು ಯಾರಾದರೂ ಚಿಪ್ಪು ಹಿಡಿದರೆ ಸಾಕು, ಎಲ್ಲರಿಗಿಂತ ಚಿಕ್ಕವನು ಅಂಗಡಿಯ ಪೆಟ್ಟಿಗೆಯ ದನಿಯಲ್ಲಿ ‘ಇನ್ನೂರು ರೂಪಾಯಿ ಬಂದಿದೆ’ ಎಂದು ಕೂಗುತ್ತಿದ್ದ. ಒಂದು ಸಂಜೆ ಅವನು ಮುನಿಸಿಕೊಂಡು ಬಾಯಿ ಬಿಡದೆ ಕುಳಿತಾಗ, ಅವನ ಅಕ್ಕ ನೆಟ್‌ವರ್ಕ್ ಇಲ್ಲವೆಂದು ಸಾರಿದಳು. ಅಲ್ಲಿಂದ ಆಟ ಸಾಲದ ಮಾತುಕತೆಗೆ ಹೊರಳಿತು. ತಂತ್ರಜ್ಞಾನ ಆ ಹಿತ್ತಲಿನಲ್ಲಿ ಧಾರಾಳವಾಗಿಯೇ ಇತ್ತು, ಆದರೆ ಅದು ಯಾವಾಗ ಕೆಲಸ ಮಾಡಬೇಕು, ಯಾವಾಗ ಕೆಡಬೇಕು ಎಂಬುದನ್ನು ಮಕ್ಕಳೇ ತೀರ್ಮಾನಿಸುತ್ತಿದ್ದರು.

ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವಿಗೋಟ್‌ಸ್ಕಿ 1933ರ ತಮ್ಮ ಉಪನ್ಯಾಸದಲ್ಲಿ, ಕೋಲನ್ನು ಕುದುರೆ ಮಾಡಿಕೊಂಡು ಓಡುವ ಮಗು ಅರ್ಥವನ್ನು ವಸ್ತುವಿನಿಂದ ಬಿಡಿಸಿಕೊಳ್ಳಲು ಕಲಿಯುತ್ತಿರುತ್ತದೆ ಎಂದು ವಿವರಿಸಿದ್ದರು. ಕಣ್ಣಿಗೆ ಕಾಣುವುದು ಚಿಪ್ಪು, ಮನಸ್ಸು ಒಪ್ಪಿಕೊಂಡಿರುವುದು ತಕ್ಕಡಿ. ಮುಂದೆ ‘ಅ’ ಎಂಬ ಗೆರೆಯೊಂದು ಒಂದು ದನಿಗೆ ನಿಲ್ಲುತ್ತದೆಂದು ಮಗು ಒಪ್ಪುವುದಕ್ಕೂ ಇದೇ ಶಕ್ತಿ ಬೇಕು; ಇಂಥ ಆಟಕ್ಕೂ ಬರವಣಿಗೆಗೂ ಇರುವ ನಂಟನ್ನು ಅವರು ಗುರುತಿಸಿದ್ದರು. ಪರದೆಯ ದೋಸೆಯಾದರೋ ದೋಸೆಯಾಗಿಯೇ ಉಳಿಯುತ್ತದೆ. ಅದನ್ನು ಬಸ್ಸಿನ ಸ್ಟೇರಿಂಗ್ ಮಾಡಿಕೊಳ್ಳುವ ದಾರಿ ನನ್ನ ಮಗಳಿಗೆ ಅಲ್ಲಿರಲಿಲ್ಲ.

ಕನ್ನಡದ ವಿಷಯವೂ ಇಲ್ಲಿಯೇ ಬರುತ್ತದೆ. ನಮ್ಮ ಮಕ್ಕಳು ಆಟ ಹೂಡುವಾಗ ‘ನೀನು ಹಮಾಲಿ ಅಂತೆ, ನಾನು ಸಾಹುಕಾರ ಅಂತೆ, ಆಗ ಮಳೆ ಬಂತಂತೆ’ ಎನ್ನುತ್ತಾರೆ. ಈ ‘ಅಂತೆ’ಯಿಂದಲೇ ಕಲ್ಪನೆಯ ಬಾಗಿಲು ತೆರೆಯುತ್ತದೆ. ಬಣ್ಣ, ಹಣ್ಣು, ಪ್ರಾಣಿಗಳ ಹೆಸರನ್ನೆಲ್ಲ ಕನ್ನಡದಲ್ಲಿ ಒಪ್ಪಿಸುತ್ತಿದ್ದ ನನ್ನ ಮಗಳ ಬಾಯಲ್ಲಿ ಅದನ್ನು ನಾನು ಮೊದಲು ಕೇಳಿದ್ದು ತಿಪಟೂರಿಗೆ ಬಂದ ಐದನೆಯ ದಿನ, ದಿಂಬನ್ನು ಕೊಬ್ಬರಿ ಚೀಲವೆಂದು ಬೆನ್ನ ಮೇಲೆ ಹೊತ್ತು ನಿಂತಾಗ. ಜೊತೆಯವರನ್ನು ಆಟಕ್ಕೆ ಒಪ್ಪಿಸಬೇಕಾದ ತುರ್ತಿನಲ್ಲಿ ಆ ಮಾತು ತಾನಾಗಿ ಬಂದಿತ್ತು.

ಇಂಗ್ಲೆಂಡಿನ ಶಿಶುಶಿಕ್ಷಣ ಚೌಕಟ್ಟಿನ ಕಲಿಕಾ ಗುರಿಗಳಲ್ಲಿ ತಂತ್ರಜ್ಞಾನಕ್ಕೆಂದೇ ಪ್ರತ್ಯೇಕ ಗುರಿಯೊಂದಿತ್ತು; 2021ರ ಪರಿಷ್ಕರಣೆಯಲ್ಲಿ ಅದನ್ನು ಕೈಬಿಟ್ಟರು, ಕಲ್ಪನೆಯ ಗುರಿಯನ್ನು ಉಳಿಸಿಕೊಂಡರು. ನನಗೆ ಅದು ಸರಿಯೆನಿಸಿದೆ. ನಮ್ಮ ನರ್ಸರಿಯ ಮನೆಯಾಟದ ಮೂಲೆಯಲ್ಲಿ ಕೆಟ್ಟ ಕೀಬೋರ್ಡು, ಹಳೆಯ ಫೋನುಗಳನ್ನು ಈಗಲೂ ಇಟ್ಟಿದ್ದೇವೆ, ಅವು ಮಕ್ಕಳ ಕೈಯಲ್ಲಿ ಆಸ್ಪತ್ರೆಗೂ ಅಂಚೆ ಕಚೇರಿಗೂ ಸಲ್ಲುತ್ತವೆ. ಸಮಯದ ಮಿತಿ ಕೇಳುವವರಿಗೆ ಇಷ್ಟು ಹೇಳಬಹುದು: ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಎರಡು ವರ್ಷದೊಳಗಿನವರಿಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು.

ಹಾಗೆಂದು ದೂರದಲ್ಲಿರುವ ನಾವು ಪರದೆಯನ್ನು ಪೂರ್ತಿ ದೂರವಿಡಲಾರೆವು. ಅಮೆರಿಕದಲ್ಲಿ 24ರಿಂದ 30 ತಿಂಗಳ ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಕ್ಕಳು ಹೊಸ ಕ್ರಿಯಾಪದಗಳನ್ನು ಎದುರಿಗಿದ್ದವರಿಂದಲೂ ವಿಡಿಯೋ ಕರೆಯಲ್ಲಿದ್ದವರಿಂದಲೂ ಕಲಿತರು, ಆದರೆ ಮೊದಲೇ ಚಿತ್ರೀಕರಿಸಿದ ವಿಡಿಯೋದಿಂದ ಕಲಿಯಲಿಲ್ಲ. ತಾನು ಹೇಳಿದ್ದಕ್ಕೆ, ಮಾಡಿದ್ದಕ್ಕೆ ಆ ಕಡೆಯಿಂದ ಆಗಲೇ ಉತ್ತರ ಬರುವುದು ಮಗುವಿಗೆ ಅಷ್ಟು ಮುಖ್ಯ. ಹಾಗಾಗಿ ಆ ಸಹೋದರಿಗೆ ನನ್ನ ಉತ್ತರ: ಟ್ಯಾಬ್ಲೆಟ್ಟಿನ ಹಣ ಉಳಿಸಿಕೊಳ್ಳಿ, ಇರುವ ಫೋನಿನಲ್ಲಿಯೇ ಅಜ್ಜ ಅಜ್ಜಿಯರನ್ನು ಆಟಕ್ಕೆ ಕರೆಯಿರಿ. ಫೋನನ್ನು ಮಗುವಿನ ಕೈಗೆ ಕೊಡದೆ ಇಡೀ ಕೋಣೆ ಕಾಣುವಂತೆ ಎತ್ತರದಲ್ಲಿಡಿ. ‘ಒಂದು ಎರಡು ಹೇಳು, ಇದು ಯಾವ ಬಣ್ಣ’ ಎಂದು ಪರೀಕ್ಷೆ ಮಾಡುವುದನ್ನು ಬಿಟ್ಟು, ಮಗು ಕೊಟ್ಟ ಪಾತ್ರವನ್ನು ವಹಿಸುವಂತೆ ಹಿರಿಯರಿಗೆ ಮೊದಲೇ ಹೇಳಿಡಿ. ಒಂದೆರಡು ಕರೆಗಳಲ್ಲಿ ಅವರಿಗೆ ಅದು ಒಗ್ಗಿಹೋಗುತ್ತದೆ.

ನಮ್ಮಲ್ಲಿ ಭಾನುವಾರ ಮಧ್ಯಾಹ್ನ ಊಟದ ಕುರ್ಚಿಗಳು ತುಮಕೂರಿನಿಂದ ತಿಪಟೂರಿಗೆ ಹೊರಡುವ ಬಸ್ಸಾಗುತ್ತವೆ. ಮಗಳು ಕಂಡಕ್ಟರ್, ಆ ಕಡೆ ತಿಪಟೂರಿನ ಮನೆಯಲ್ಲಿ ಕೈಚೀಲ ಹಿಡಿದು ಕೂತ ನಮ್ಮ ಅಮ್ಮ ಕೆ.ಬಿ. ಕ್ರಾಸಿನಲ್ಲಿ ಇಳಿಯಬೇಕಾದ ಪ್ರಯಾಣಿಕರು. ಕಳೆದ ವಾರ ಗುಬ್ಬಿ ದಾಟಿ ನಿಟ್ಟೂರು ಬರುವ ಮೊದಲೇ ಬಸ್ಸು ಕೆಟ್ಟು ನಿಂತಿತಂತೆ. ‘ಅಜ್ಜಿ, ಎಲ್ಲರೂ ಇಳಿದು ತಳ್ಳಬೇಕಂತೆ’ ಎಂದಳು. ಅಮ್ಮ ಚೀಲವನ್ನು ಬದಿಗಿಟ್ಟು ಎದ್ದು, ನಡುಮನೆಯ ಗೋಡೆಗೆ ಎರಡೂ ಕೈ ಕೊಟ್ಟು ತಳ್ಳಿದರು.