ಅಪ್‌ಡೇಟ್: ತೆರಿಗೆಗೆ ದುಡ್ಡು ಎತ್ತಿಡುವ ವಿಷಯ

ಒಂದು ತಿಂಗಳು ಕೈತುಂಬಾ ಕೆಲಸ, ಇನ್ನೊಂದು ತಿಂಗಳು ಏನೂ ಇಲ್ಲ. ಇಂಥ ಆದಾಯದಲ್ಲಿ ತೆರಿಗೆಗೆ ದುಡ್ಡು ಹೇಗೆ ಎತ್ತಿಡುವುದು ಅಂತ ಕೇಳಿದ್ದೆ. ಸುಮಾರು ಜನ ಮೊದಲು ಖಾತೆ ಬೇರೆ ಮಾಡಿ ಅಂದಿರಿ. ಮಾಡಿದೆ. ಕ್ಲೈಂಟ್ ದುಡ್ಡು ಬಂದ ದಿನವೇ ಕಾಲು ಭಾಗ ತೆರಿಗೆ ಖಾತೆಗೆ ಹೋಗುತ್ತದೆ. ಆ ಖಾತೆಗೆ ಎಟಿಎಂ ಕಾರ್ಡ್ ಬೇಕಂತಲೇ ತೆಗೆದುಕೊಂಡಿಲ್ಲ.

ಕಾಲು ಭಾಗ ಎಲ್ಲರಿಗೂ ಹೊಂದುವುದಿಲ್ಲ. ಹೋದ ವರ್ಷದ ತೆರಿಗೆ ಒಟ್ಟು ಬಿಲ್ಲಿನಲ್ಲಿ ಎಷ್ಟು ಪಾಲು ಅಂತ ನೋಡಿ, ಸ್ವಲ್ಪ ಜಾಸ್ತಿಯೇ ಇಟ್ಟುಕೊಂಡೆ.

ತುಂಬಾ ಉಪಯೋಗಕ್ಕೆ ಬಂದಿದ್ದು ಇನ್ನೊಂದು ಮಾತು. ಕ್ಲೈಂಟ್ ತೆರಿಗೆ ಹಿಡಿದುಕೊಂಡು ಕೊಟ್ಟಾಗ ಆದಾಯ ಅಂತ ಬರೆಯಬೇಕಾದ್ದು ಕೈಗೆ ಬಂದ ಮೊತ್ತವನ್ನಲ್ಲ, ಪೂರ್ತಿ ಬಿಲ್ಲನ್ನು. 100ರ ಬಿಲ್ಲಿಗೆ 90 ಬಂದರೂ ಆದಾಯ 100. ಉಳಿದ 10 ಮೊದಲೇ ಕಟ್ಟಿದ ತೆರಿಗೆ, ಕೊನೆಯ ಲೆಕ್ಕದಲ್ಲಿ ಕಟ್ಟಬೇಕಾದ ತೆರಿಗೆಯಿಂದ ಅಷ್ಟು ಕಳೆಯುತ್ತಾರೆ. ಅದಕ್ಕೆ ಅವರಿಂದ ಪ್ರಮಾಣಪತ್ರ ಕೇಳಿ ಪಡೆಯಲೇಬೇಕು.

ಖರ್ಚಿನ ರಸೀದಿಗಳಿಗೆ ಫೋಟೋ. ಮೆಷಿನ್‌ನಿಂದ ಬರುವ ನುಣುಪು ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ, ನೋಡಿದ್ದೀರಲ್ವಾ? ಫೈಲಿನ ಹೆಸರಲ್ಲೇ ತಾರೀಕು, ಯಾವ ಕೆಲಸಕ್ಕೆ ಅಂತ ಹಾಕುತ್ತೇನೆ. ಲ್ಯಾಪ್‌ಟಾಪ್‌ನಂಥ ದೊಡ್ಡ ಖರ್ಚನ್ನು ಬಹಳ ಕಡೆ ಒಂದೇ ವರ್ಷದ ಆದಾಯದಿಂದ ಕಳೆಯಲು ಬಿಡುವುದಿಲ್ಲ, ಸವಕಳಿ ಅಂತ ಕೆಲವು ವರ್ಷಗಳಿಗೆ ಹಂಚಬೇಕು. ಅಂಥ ಖರ್ಚುಗಳ ಪಟ್ಟಿ ಬೇರೆ ಇಟ್ಟಿದ್ದೇನೆ.

ತಿಂಗಳ ಸಂಬಳ ಅಂತ ನನಗೆ ನಾನೇ ಕೊಟ್ಟುಕೊಳ್ಳುವುದು ಹೋದ ವರ್ಷದ ಅತಿ ಕಡಿಮೆ ತಿಂಗಳ ಲೆಕ್ಕದಲ್ಲಿ. ಬಿಗಿ ಅನ್ನಿಸುತ್ತದೆ, ನಿಜ. ಆದರೆ ಈ ಸಲದ ಮುಂಗಡ ತೆರಿಗೆ (ವರ್ಷ ಮುಗಿಯುವ ಮೊದಲೇ ಕಟ್ಟುವ ತೆರಿಗೆ) ಕಂತಿಗೆ ಯಾರ ಹತ್ತಿರವೂ ಕೈಗಡ ಕೇಳಬೇಕಾಗಲಿಲ್ಲ.