ಸಹಾಯ ಬೇಕು: ಟೊರಾಂಟೊದ ಡಾನ್ ನದಿ ಬದಿಯ ಜಿಯೋಕ್ಯಾಶ್ (ಜಿಪಿಎಸ್ ಹಿಡಿದು ಹುಡುಕುವ, ಬಚ್ಚಿಟ್ಟ ಡಬ್ಬಿ)

ಎಲ್ಲರಿಗೂ ನಮಸ್ಕಾರ.

1837ರಲ್ಲಿ ಮದ್ಯ ಬಟ್ಟಿ ಇಳಿಸಲು ತೊಡಗಿ 1990ರಲ್ಲಿ ಬಾಗಿಲು ಮುಚ್ಚಿದ ಗುಡರ್‌ಹ್ಯಾಮ್ ಅಂಡ್ ವರ್ಟ್ಸ್ ಕಾರ್ಖಾನೆಯ ಕೆಂಪು ಇಟ್ಟಿಗೆಯ ಕಟ್ಟಡಗಳ ನಡುವೆ ಆರಂಭವಾಗಿ, ಸಮೀಪದ ಕಾರ್ಕ್‌ಟೌನ್ ಕಾಮನ್ ಉದ್ಯಾನದಲ್ಲಿ ಮುಗಿಯುವ ಮಲ್ಟಿ ಕ್ಯಾಶ್ (ಒಂದು ತಾಣದ ಸುಳಿವಿನಿಂದ ಮುಂದಿನ ತಾಣಕ್ಕೆ ಸಾಗುವ ಜಿಯೋಕ್ಯಾಶ್) ಒಂದರ ಕೊನೆಯ ಡಬ್ಬಿ ನನಗೆ ಎರಡು ಭಾನುವಾರ ಹುಡುಕಿದರೂ ಸಿಕ್ಕಿಲ್ಲ.

ಮೊದಲ ವಾರದ ತಪ್ಪು ನನ್ನದೇ. ಅಕ್ಷಾಂಶ 43 ಡಿಗ್ರಿ 39.27 ನಿಮಿಷ ಎಂಬುದನ್ನು 43.3927 ಡಿಗ್ರಿ ಎಂದು ಫೋನಿಗೆ ತುಂಬಿದ್ದರಿಂದ, ಅದು ನನ್ನನ್ನು ಸುಮಾರು ಮೂವತ್ತು ಕಿಲೋಮೀಟರ್ ದೂರಕ್ಕೆ, ಒಂಟಾರಿಯೊ ಸರೋವರದ ನಡುನೀರಿಗೇ ಕರೆಯುತ್ತಿತ್ತು! ಅದನ್ನು ಸರಿಪಡಿಸಿಕೊಂಡ ಮೇಲೆ ಫೋನಿನ ದಿಕ್ಕು ತೋರುವ ಬಾಣ ಉದ್ಯಾನದ ಜೌಗು ಕೊಳದ ಬಳಿ ನಿಲ್ಲುತ್ತದೆ. ಆದರೆ ಮರಗಳ ಕೆಳಗೆ ಜಿಪಿಎಸ್ ಹತ್ತು ಮೀಟರ್‌ನಷ್ಟು ಅತ್ತಿತ್ತ ಹೊಯ್ದಾಡುವುದರಿಂದ ಬಂಡೆಯ ಸಂದೋ, ಬೆಂಚಿನ ಅಡಿಯೋ ತಿಳಿಯುತ್ತಿಲ್ಲ. ನದಿಯ ನೆರೆಯಿಂದ ನಗರವನ್ನು ಕಾಯಲು ಏರಿಸಿದ ದಿಬ್ಬದ ಮೇಲಿನ ಉದ್ಯಾನವದು. ಅಲ್ಲಿನ ಜೊಂಡನ್ನು ತುಳಿದು ಹುಡುಕುವುದು ನನಗೆ ಸರಿಕಾಣದು.

ಈ ಡಬ್ಬಿಯನ್ನು ಕಂಡವರು ಜಾಗವನ್ನು ಇಲ್ಲಿ ಬಹಿರಂಗಪಡಿಸದೆ, ಅದು ನೆಲಮಟ್ಟದಲ್ಲಿದೆಯೇ, ಅಯಸ್ಕಾಂತದಿಂದ ಅಂಟಿಸಿದ್ದೇ ಎಂಬಷ್ಟನ್ನು ಖಾಸಗಿಯಾಗಿ ತಿಳಿಸಬೇಕೆಂದು ವಿನಂತಿ. ಬರುವ ಭಾನುವಾರ ಬೆಳಿಗ್ಗೆ ಜೊತೆಗೆ ಬರುವವರಿದ್ದರೆ ಇನ್ನೂ ಸಂತೋಷ. ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ನಾನು ತರುತ್ತೇನೆ.