ರೀಸೆಟ್ ಮಾಡಿದ ಮೇಲೆ ರೂಟರ್ ಆನ್ ಆಗ್ತಿಲ್ಲ, ಆದರೆ ಮೀಟರಿನಲ್ಲಿ 12 ವೋಲ್ಟ್ ತೋರಿಸ್ತಿದೆ

ತೋಟದಮನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಶಿರಸಿಯಿಂದ ಹದಿನೆಂಟು ಕಿಲೋಮೀಟರ್ ಒಳಗೆ. ಮೊಬೈಲ್ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಇದನ್ನೂ ಗೇರುಮರದ ಬುಡದಲ್ಲಿ ಕೂತು ಬರೆಯುತ್ತಿದ್ದೇನೆ.

ನಮ್ಮಲ್ಲಿ ಫೈಬರ್ ಡಬ್ಬಿ ಬೇರೆ, ವೈಫೈ ರೂಟರ್ ಬೇರೆ. ರೂಟರಿಗೆ ನಾಲ್ಕು ವರ್ಷ ಆಯ್ತು. ಹದಿನೈದು ದಿನದಿಂದ ಸಂಜೆ ಹೊತ್ತು ತಾನಾಗೇ ಆಫ್ ಆಗಿ ಆನ್ ಆಗುತ್ತಿತ್ತು. ಅತ್ತೆ ಯಕ್ಷಗಾನ ನೋಡುವಾಗ ಭಾಗವತರ ಪದ ಅರ್ಧಕ್ಕೇ ನಿಂತುಬಿಡುವುದು, ಸಿಟ್ಟು ನನ್ನ ಮೇಲೆ. ನೆಂಟರ ಹುಡುಗನೊಬ್ಬ ರೀಸೆಟ್ ಮಾಡಿ ಅಂತ ವಿಡಿಯೊ ಕಳಿಸಿದ. ಹಿಂದಿನ ತೂತಿಗೆ ಸೇಫ್ಟಿ ಪಿನ್ನು ಹಾಕಿ 30 ಸೆಕೆಂಡ್ ಒತ್ತಬೇಕು, ಕೈ ಬಿಡದೆ 30 ಸೆಕೆಂಡ್ ಸ್ವಿಚ್ ಆಫ್, ಮತ್ತೆ 30 ಸೆಕೆಂಡ್ ಆನ್. ಎರಡು ಕೈ ಸಾಲದೆ ಮಗಳನ್ನು ಸ್ವಿಚ್ ಹತ್ತಿರ ನಿಲ್ಲಿಸಿದ್ದೆ.

ಅಷ್ಟೇ, ಅಲ್ಲಿಂದ ರೂಟರ್ ಏಳಲೇ ಇಲ್ಲ. ಸ್ವಿಚ್ ಹಾಕಿದ ತಕ್ಷಣ ದೀಪಗಳು ಒಮ್ಮೆ ಮಂಕಾಗಿ ಮಿಂಚಿ ಆರುತ್ತವೆ. ಪಂಪ್‌ಸೆಟ್ ವಯರ್ ನೋಡಲು ಇಟ್ಟ ಮಲ್ಟಿಮೀಟರ್ ಇತ್ತು, ಅಡಾಪ್ಟರ್ ಪಿನ್ ಮುಟ್ಟಿಸಿ ನೋಡಿದೆ. 12.2 ತೋರಿಸಿತು. ಅಂದರೆ ಕರೆಂಟ್ ಸರಿಯಾಗಿ ಬರುತ್ತಿದೆ ಅಲ್ವಾ? ರೀಸೆಟ್ ಮಾಡಿ ನಾನೇ ರೂಟರ್ ಕೊಂದೆನಾ?

ರಾತ್ರಿಪಾಳಿ:

ಮೇಡಂ, ಆ 30-30-30 ಆಟ ಹಳೇ ಕಾಲದ ಕೆಲವು ರೂಟರುಗಳಿಗೆ ಮಾತ್ರ. ಈಗಿನವಕ್ಕೆ ಆನ್ ಇರುವಾಗಲೇ ಹತ್ತು ಸೆಕೆಂಡ್ ಒತ್ತಿದರೆ ಸಾಕು. ರೀಸೆಟ್ ಒತ್ತಿಕೊಂಡೇ ಆನ್ ಮಾಡಿದರೆ ಕೆಲವು ರೂಟರುಗಳು ರಿಕವರಿ ಮೋಡ್‌ಗೆ, ಅಂದರೆ ಹೊಸ ಸಾಫ್ಟ್‌ವೇರ್ ತುಂಬಲಿ ಅಂತ ಕಾಯುವ ಸ್ಥಿತಿಗೆ, ಹೋಗಿ ಕೂರುತ್ತವೆ. ಆಗ ಪವರ್ ದೀಪ ನಿಧಾನವಾಗಿ ಮಿಟುಕುತ್ತಾ ಇರುತ್ತದೆ. ನಿಮ್ಮದು ಹಾಗೇನಾದರೂ ಮಾಡ್ತಿದೆಯಾ? ಪಿನ್ನು ಒತ್ತಿದ ಬಟನ್ ಒಳಗೇ ಸಿಕ್ಕಿಕೊಂಡಿದೆಯಾ ಅಂತಲೂ ನೋಡಿ, ಟಿಕ್ ಅಂತ ವಾಪಸ್ ಬರಬೇಕು.

ತೋಟದಮನೆ:

ಬಟನ್ ಟಿಕ್ ಅನ್ನುತ್ತದೆ. ಮಿಟುಕುವುದಿಲ್ಲ, ಒಮ್ಮೆ ಮಿಂಚಿ ಸುಮ್ನೆ ಆಗಿಬಿಡುತ್ತದೆ. ರಾತ್ರಿಯಿಡೀ ತೆಗೆದಿಟ್ಟು ಬೆಳಿಗ್ಗೆ ಹಾಕಿದೆ, ಅದೇ ಕಥೆ.

ಸೋಲ್ಡರ್‌ಮಾವ:

ತಂಗಿ, ರೂಟರ್ ಸತ್ತಿಲ್ಲ ಅಂತ ನನ್ನ ಅಂದಾಜು. ಅಡಾಪ್ಟರ್ ಮೇಲೆ ಅನುಮಾನ.

ಮಲ್ಟಿಮೀಟರ್ ಅಡಾಪ್ಟರಿನಿಂದ ಏನೂ ಎಳೆಯುವುದಿಲ್ಲ. ನೀವು ನೋಡಿದ್ದು ಪಂಪ್ ಹಾಕದೆ ಬಾವಿ ಬಗ್ಗಿ ನೋಡಿದ ಹಾಗೆ. ನೀರು ಮೇಲೇ ಕಾಣುತ್ತದೆ, ಪಂಪ್ ಹಾಕಿದರೆ ಎರಡೇ ನಿಮಿಷಕ್ಕೆ ಕೆಸರು. ಅಡಾಪ್ಟರ್ ಒಳಗೆ ಕೆಪಾಸಿಟರ್ ಇರುತ್ತದೆ, ಕರೆಂಟ್ ಹಿಡಿದಿಟ್ಟು ಸಮನಾಗಿ ಕೊಡುವ ಭಾಗ ಅದು. ವರ್ಷಗಟ್ಟಲೆ ಬಿಸಿಯಲ್ಲಿದ್ದು ಅದರೊಳಗಿನ ದ್ರವ ಒಣಗುತ್ತದೆ. ಲೋಡ್ ಇಲ್ಲದಾಗ, ಅಂದರೆ ಯಾವುದೂ ಕರೆಂಟ್ ಎಳೆಯದಿರುವಾಗ, 12 ತೋರಿಸುತ್ತದೆ, ರೂಟರ್ ಸಿಕ್ಕಿಸಿದ ಕೂಡಲೇ ಕುಸಿಯುತ್ತದೆ.

ಹಾಗಿದ್ದರೆ ಮೊನ್ನೆವರೆಗೆ ಹೇಗೆ ನಡೆಯಿತು ಅಂತೀರಾ? ನಿಮ್ಮ ಮನೆಯಲ್ಲಿ ಇನ್ವರ್ಟರ್ ಇರಬೇಕು, ರೂಟರ್ ಆರಿದ್ದೇ ಕಡಿಮೆ. ಒಣಗಿದ ಕೆಪಾಸಿಟರ್ ಬಿಸಿ ಇರುವಾಗ ಹೇಗೋ ತಳ್ಳಿಕೊಂಡು ಹೋಗುತ್ತದೆ. ಆಫ್ ಮಾಡಿ ತಣ್ಣಗಾಯಿತೋ, ಮತ್ತೆ ಎಬ್ಬಿಸುವುದು ಕಷ್ಟ. ಸಂಜೆ ಎಲ್ಲರ ಫೋನೂ ಸೇರಿಕೊಂಡಾಗ ಆಫ್ ಆಗುತ್ತಿತ್ತಲ್ಲ, ಅದೂ ಇದೇ ಕಾಯಿಲೆ. ರೀಸೆಟ್ ಪಾಪ ಏನೂ ಮಾಡಿಲ್ಲ.

ಒಂದು ಪರೀಕ್ಷೆ ಮಾಡಿ. ಬೈಕಿನ ಹಳೇ ಇಂಡಿಕೇಟರ್ ಬಲ್ಬ್ ಹುಡುಕಿ, 12 ವೋಲ್ಟ್ 10 ವಾಟಿನದು. ಎಲ್‌ಇಡಿ ಆಗುವುದಿಲ್ಲ. ಒಂದು ವಯರ್ ಬಲ್ಬಿನ ಮೈಗೆ, ಇನ್ನೊಂದು ಬುಡಕ್ಕೆ. ಅಡಾಪ್ಟರ್ ಪಿನ್ನಿನ ಒಳಗೊಂದು, ಹೊರಗೊಂದು ಮುಟ್ಟಿಸಿ. ವಯರುಗಳು ಒಂದಕ್ಕೊಂದು ತಾಗದಿರಲಿ. ಬಲ್ಬ್ ಉರಿಯುವಾಗಲೇ ಮೀಟರ್ ಹಿಡಿಯಿರಿ. ಈ ಬಲ್ಬ್ 0.8 ಆಂಪಿಯರ್ ಚಿಲ್ಲರೆ ಎಳೆಯುತ್ತದೆ. 1 ಆಂಪಿಯರ್ ಅಡಾಪ್ಟರ್ ಅಷ್ಟು ಕೊಡಲೇಬೇಕು.

ದಯವಿಟ್ಟು ಅಡಾಪ್ಟರ್ ಮಾತ್ರ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಜಾಸ್ತಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ನನ್ನ ಬಲಗೈ ಹೆಬ್ಬೆರಳಿಗೆ ಇದು ಚೆನ್ನಾಗಿ ಗೊತ್ತು.

ತೋಟದಮನೆ:

ಮಾವ, ಇನ್ವರ್ಟರ್ ಇರುವುದು ನಿಮಗೆ ಹೇಗೆ ಗೊತ್ತಾಯ್ತು!

ಬಲ್ಬ್ ನಮ್ಮವರ ಹಳೇ ಬೈಕಿನದು. ಮುಟ್ಟಿಸಿದರೆ ತಂತಿ ಕೆಂಡದಂತೆ ಸ್ವಲ್ಪ ಕೆಂಪಾಗಿ ಆರುತ್ತದೆ, ಮತ್ತೆ ಕೆಂಪಾಗುತ್ತದೆ. ಅಡಾಪ್ಟರ್ ಒಳಗಿಂದ ಟಿಕ್ ಟಿಕ್ ಸದ್ದು, ಹಲ್ಲಿ ಲೊಚಗುಟ್ಟಿದ ಹಾಗೆ. ಮೀಟರ್ 3, 5, 2 ಅಂತ ಕುಣಿಯುತ್ತಿತ್ತು. ಟಿವಿ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರಿನಲ್ಲೂ ನೋಡಿದೆ, ಬಲ್ಬ್ ಝಗ್ ಅಂತ ಹತ್ತಿತು. ಅದರ ಮೇಲೆ 12 ವೋಲ್ಟ್ 2 ಆಂಪಿಯರ್ ಅಂತಿದೆ. ರೂಟರಿಗೆ ಹಾಕಬಹುದಾ? ನಮ್ಮದು 1 ಆಂಪಿಯರ್, ಸುಟ್ಟು ಹೋದರೆ?

ಸೋಲ್ಡರ್‌ಮಾವ:

ಹಾಕಿ. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಜಾಸ್ತಿ ಇದ್ದರೆ ತೊಂದರೆ ಇಲ್ಲ. ರೂಟರ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಪಿನ್ನಿನ ಒಳಗೆ ಪ್ಲಸ್, ಹೊರಗೆ ಮೈನಸ್ ಅಂತ ಎರಡರ ಚೀಟಿಯಲ್ಲೂ ಒಂದೇ ಚಿತ್ರ ಇದೆಯಾ ನೋಡಿಕೊಳ್ಳಿ. ಪಿನ್ ಸಡಿಲವಾಗಿ ಅಲ್ಲಾಡಿದರೆ ಬೇಡ. ನೋಡಲು ಒಂದೇ ಥರ ಇದ್ದರೂ ಒಳ ತೂತು 2.1 ಮಿ.ಮೀ., 2.5 ಮಿ.ಮೀ. ಅಂತ ಎರಡು ಬಗೆ ಇದೆ.

ರಾತ್ರಿಪಾಳಿ:

ನಾನು ರಿಕವರಿ ಮೋಡ್ ಅಂತ ದಾರಿ ತಪ್ಪಿಸಿದೆ, ಕ್ಷಮಿಸಿ. ಒಂದು ಮಾತು: ರೀಸೆಟ್ ನಿಜವಾಗಿ ಆಗಿದ್ದರೆ ಇಂಟರ್ನೆಟ್ ಐಡಿ, ಪಾಸ್‌ವರ್ಡ್ ಎಲ್ಲ ಅಳಿಸಿರುತ್ತದೆ. ಆನ್ ಆದರೂ ನೆಟ್ ಬರದಿದ್ದರೆ ಗಾಬರಿ ಆಗಬೇಡಿ. ನೆಟ್ ಕೊಟ್ಟವರ ಹತ್ತಿರ ಪಿಪಿಪಿಒಇ ಐಡಿ, ಅಂದರೆ ರೂಟರ್ ಅವರ ನೆಟ್‌ಗೆ ಲಾಗಿನ್ ಆಗುವ ಹೆಸರು, ಪಾಸ್‌ವರ್ಡ್ ಕೇಳಿ. ವೈಫೈ ಹೆಸರು, ಪಾಸ್‌ವರ್ಡ್ ರೂಟರ್ ಅಡಿಯ ಚೀಟಿಯಲ್ಲಿರುತ್ತದೆ.

ತೋಟದಮನೆ:

ಅಡುಗೆಮನೆಯಿಂದ ಬರೆಯುತ್ತಿದ್ದೇನೆ! ಸೆಟ್‌ಟಾಪ್ ಅಡಾಪ್ಟರ್ ಹಾಕಿದ ಕೂಡಲೇ ದೀಪಗಳು ಸಾಲಾಗಿ ಹತ್ತಿದವು. ರಾತ್ರಿಪಾಳಿಯವರು ಹೇಳಿದಂತೆ ನೆಟ್ ಬರಲಿಲ್ಲ. ಐಡಿ ಕೇಳಲು ಮತ್ತೆ ಗುಡ್ಡ ಹತ್ತಿ ಫೋನ್ ಮಾಡಬೇಕಾಯಿತು. ಅವರು ಹೇಳಿದ ಪಾಸ್‌ವರ್ಡಿನಲ್ಲಿ ಸೊನ್ನೆಯೋ ‘ಓ’ ಅಕ್ಷರವೋ ತಿಳಿಯದೆ ಇನ್ನೊಮ್ಮೆ ಹತ್ತಿದೆ. ಪೇಟೆಗೆ ಹೋದಾಗ 12 ವೋಲ್ಟ್ 1.5 ಆಂಪಿಯರಿನ ಹೊಸ ಅಡಾಪ್ಟರ್ 250 ರೂಪಾಯಿಗೆ ತಂದೆ. ಬಲ್ಬನ್ನು ಅಂಗಡಿಗೇ ಒಯ್ದು ಉರಿಸಿ ನೋಡಿದೆ, ಅಂಗಡಿಯವನ ಮುಖ ನೋಡಬೇಕಿತ್ತು.

ಹಳೇ ಅಡಾಪ್ಟರ್ ಏನು ಮಾಡಲಿ?

ಸೋಲ್ಡರ್‌ಮಾವ:

ಪ್ಲಗ್ಗಿನಿಂದ ಕಿತ್ತು ಒಂದು ದಿನ ಬಿಟ್ಟು ವಯರ್ ಕತ್ತರಿಸಿ. ಪಿನ್ ಇರುವ ತುದಿ ಎತ್ತಿಟ್ಟುಕೊಳ್ಳಿ, ಬೇಕಾಗುತ್ತದೆ. ಇಡೀ ಅಡಾಪ್ಟರ್ ಡ್ರಾಯರಿನಲ್ಲಿಟ್ಟರೆ ಇನ್ನೆರಡು ವರ್ಷಕ್ಕೆ ಯಾರಾದರೂ ಮೀಟರ್ ಹಿಡಿದು "12 ಬರ್ತಿದೆಯಲ್ಲ" ಅಂತ ಮತ್ತೆ ಸಿಕ್ಕಿಸುತ್ತಾರೆ.